ನೀರೂ ಇಳಿಯಲಿಲ್ಲ, ಮೇಷ್ಟ್ರ ಬಿ.ಪಿ.ಯೂ ಇಳಿಯಲಿಲ್ಲ!

ಮೈಸೂರು: ಕುವೆಂಪುನಗರದ ಆ ಮನೆಯಲ್ಲಿ ಮೂರು ದಿನದಿಂದ ಒಂದೇ ಸಂಭಾಷಣೆ. ಹಾಲಿನಲ್ಲಿ ಪೇಪರ್ ಹಿಡಿದು ಕೂತ ನಿವೃತ್ತ ಮೇಷ್ಟ್ರು, ‘ಇಳೀತಾ?’ ಅಂತ ಕೇಳುವುದು. ಅಡುಗೆಮನೆಯಿಂದ ಅಮ್ಮಾವ್ರು, ‘ಎಲ್ಲಿಳೀತು, ಹಂಗೇ ನಿಂತದೆ’ ಅನ್ನುವುದು.

ಇಳಿಯಬೇಕಾಗಿದ್ದದ್ದು ನೀರು. ನಿಂತಿದ್ದದ್ದು ಪಾತ್ರೆ ತೊಳೆಯುವ ಮೆಷಿನ್ನಿನ ಹೊಟ್ಟೆಯಲ್ಲಿ.

ಬೆಂಗಳೂರಿನಲ್ಲಿರುವ ಮಗ ಮೂರು ವರ್ಷದ ಹಿಂದೆ ತಂದಿಟ್ಟ ಡಿಶ್‌ವಾಷರ್ ಅದು. ಅವತ್ತು ಸೋಮವಾರ ರಾತ್ರಿ ಎಂದಿನಂತೆ ತಟ್ಟೆ ಲೋಟ ಜೋಡಿಸಿ ಗುಂಡಿ ಒತ್ತಿ ಮಲಗಿದ್ದಾರೆ. ಬೆಳಗ್ಗೆ ಬಾಗಿಲು ತೆಗೆದರೆ ತಳದಲ್ಲಿ ಎರಡು ಬೆರಳು ಕೊಳಕು ನೀರು. ಮೇಲೆ ಸಾರಿನ ಎಣ್ಣೆ ಕಣ್ಣು ಬಿಟ್ಟುಕೊಂಡು ತೇಲುತ್ತಿದೆ. ವಾಸನೆಯಂತೂ ಕೇಳಲೇಬೇಡಿ. ಮುಂದಿನ ಪುಟ್ಟ ಗಾಜಿನಲ್ಲಿ ಏನೋ ಒಂದು ಅಕ್ಷರ, ಒಂದು ನಂಬರು ಮಿಣಮಿಣ ಅನ್ನುತ್ತಿದೆ.

ಬೇರೆ ಕಾಲವಾಗಿದ್ದರೆ ‘ಹಾಳಾಗ್ಲಿ, ಕೈಯಲ್ಲಿ ತೊಳ್ಕೊಂಡ್ರಾಯ್ತು’ ಅಂದು ಅಮ್ಮಾವ್ರು ಸೆರಗು ಸಿಕ್ಕಿಸಿಕೊಳ್ಳುತ್ತಿದ್ದರು. ಈಗ ಆಗುವುದಿಲ್ಲ. ಎರಡು ತಿಂಗಳ ಹಿಂದೆ ಬಚ್ಚಲಲ್ಲಿ ಜಾರಿ ಬಲಗೈ ಮಣಿಕಟ್ಟು ಮುರಿದು, ಒಳಗೆ ಪ್ಲೇಟ್ ಹಾಕಿದ್ದಾರೆ. ಒಂದು ಲೋಟ ಕಾಫಿ ಎತ್ತಬೇಕಾದರೂ ಎಡಗೈ. ಇತ್ತ ಭಾನುವಾರ ಮೊಮ್ಮಗಳ ನಾಮಕರಣ. ಮೂವತ್ತು ಜನ ಮನೆಗೇ ಬರುವವರಿದ್ದಾರೆ. ಮೇಷ್ಟ್ರ ಬಿ.ಪಿ. ಏರಿದ್ದರಲ್ಲಿ ಆಶ್ಚರ್ಯವೇನಿಲ್ಲ.

‘ಪಂಪ್ ಹೋಗಿದೆ ಸಾರ್’

ಬುಧವಾರ ಕಂಪನಿಯ ಹುಡುಗ ಬಂದ. ಬೆನ್ನಿಗೆ ಬ್ಯಾಗು, ಕೈಯಲ್ಲಿ ಮೊಬೈಲು. ಬಾಗಿಲು ತೆಗೆದು ನೋಡಿದ, ಗುಂಡಿ ಒತ್ತಿದ. ಮೆಷಿನ್ನು ‘ಗುಂಯ್’ ಅಂತ ನರಳಿ ಸುಮ್ಮನಾಯಿತು. ‘ಪಂಪ್ ಹೋಗಿದೆ ಸಾರ್, ಹೊಸದು ಹಾಕ್ಬೇಕು’ ಅಂದ. ಎಷ್ಟಾಗಬಹುದು? ಆರು ಸಾವಿರದ ಚಿಲ್ಲರೆ. ವಾರಂಟಿ? ಅದು ಮುಗಿದು ವರ್ಷವಾಯಿತು. ಸಾಮಾನು ಬರುವುದು ಯಾವಾಗ? ‘ಆರ್ಡರ್ ಹಾಕ್ತೀನಿ, ಎಂಟ್ಹತ್ತು ದಿನ.’ ಬಂದದ್ದಕ್ಕೆ, ನೋಡಿದ್ದಕ್ಕೆ ಫೀಸು ಇಸಿದುಕೊಂಡು ಹೋದ. ಒಟ್ಟು ಕಾರ್ಯಕ್ರಮ ಹನ್ನೆರಡು ನಿಮಿಷ. ಒಳಗಿನ ನೀರನ್ನು ಆತ ತೆಗೆಯಲೂ ಇಲ್ಲ, ಕೆಳಗಿನ ಜಾಲರಿ ಮುಟ್ಟಲೂ ಇಲ್ಲ.

ಹುಡುಗನನ್ನೇ ಪೂರ್ತಿ ದೂರುವಂತಿಲ್ಲ. ದಿನಕ್ಕೆ ಇಷ್ಟು ಮನೆ ಅಂತ ಮೇಲಿನವರು ಲೆಕ್ಕ ಕಟ್ಟಿ ಕಳಿಸಿದರೆ ಯಾರು ತಾನೇ ಮೊಣಕಾಲೂರಿ ಕೂತು ಎಂಜಲು ನೀರು ಮೊಗೆಯುತ್ತಾರೆ? ಆದರೆ ಪಿಂಚಣಿಯವರ ಜೇಬಿಗೆ ಈ ನ್ಯಾಯವೆಲ್ಲ ಅರ್ಥವಾಗುವುದಿಲ್ಲ.

ಮೇಷ್ಟ್ರು ಛತ್ರಿ ಹಿಡಿದು ಬಸ್ ಹತ್ತಿದರು. ಮಂಡಿ ಮೊಹಲ್ಲಾದಲ್ಲಿ ಅವರ ಮನೆಯ ಮಿಕ್ಸಿ, ಗೀಸರು, ಇಸ್ತ್ರಿಪೆಟ್ಟಿಗೆಗಳನ್ನು ಮೂವತ್ತು ವರ್ಷದಿಂದ ಬದುಕಿಸಿಕೊಂಡು ಬಂದ ಭಾಯ್ ಒಬ್ಬರಿದ್ದಾರೆ. ಆರಡಿ ಅಗಲದ ಅಂಗಡಿ. ‘ಭಾಯ್, ಡಿಶ್‌ವಾಷರ್ ನೋಡಿದೀರಾ?’ ಅಂದರು ಮೇಷ್ಟ್ರು.

‘ಬಿಚ್ಚಿಲ್ಲ ಮೇಷ್ಟ್ರೇ. ಆದ್ರೆ ನೀರು ಎತ್ತೋ ಮೋಟ್ರು ಎಲ್ಲಾ ಕಡೆ ಒಂದೇ. ಒಂದು ಮಾತು ಹೇಳಿ. ಅದು ಗುಂಯ್ ಅಂತದಾ, ಇಲ್ಲಾ ಸದ್ದೇ ಇಲ್ವಾ?’

‘ಗುಂಯ್ ಅಂತದೆ.’

‘ಹಂಗಾದ್ರೆ ಸತ್ತಿಲ್ಲ. ಏನೋ ಗಂಟ್ಲಿಗೆ ಸಿಕ್ಕದೆ.’

ಚಮಚದ ಹಿಡಿ ಮಾಡಿದ ಕೆಲಸ

ಗುರುವಾರ ಬೆಳಗ್ಗೆ ಭಾಯ್ ಬಂದರು. ಮೊದಲು ಮಾಡಿದ ಕೆಲಸ ಗೋಡೆಯ ಪ್ಲಗ್ ಕಿತ್ತದ್ದು. ಸ್ವಿಚ್ ಆರಿಸಿದ್ದು ಸಾಲದು, ನೀರು ಕರೆಂಟು ಎರಡೂ ಒಂದೇ ಡಬ್ಬಿಯಲ್ಲಿವೆ. ಆಮೇಲೆ ಒಂದು ಲೋಟ, ಒಂದು ಬಕೆಟ್ಟು, ಒಂದು ಹಳೇ ಪಂಚೆ ಕೇಳಿದರು. ಕೆಳಗಿನ ಟ್ರೇ ಎಳೆದು ಪಕ್ಕಕ್ಕಿಟ್ಟು, ನೀರನ್ನೆಲ್ಲ ಮೊಗೆದು, ಉಳಿದದ್ದನ್ನು ಪಂಚೆಯಲ್ಲಿ ಹೀರಿ ಹಿಂಡಿದರು.

ತಳದಲ್ಲಿ ಲೋಟದಂಥ ಒಂದು ಜಾಲರಿ ಇರುತ್ತದೆ. ಎಡಕ್ಕೆ ತಿರುಗಿಸಿ ಮೇಲೆತ್ತಿದರೆ ಬರುತ್ತದೆ. ಬಂತು. ಮೇಷ್ಟ್ರು ಮೂಗು ಮುಚ್ಚಿಕೊಂಡರು. ಅನ್ನದ ಅಗುಳು, ಕರಿಬೇವಿನ ಕಡ್ಡಿ, ತೆಂಗಿನಕಾಯಿ ತುರಿ, ಯಾವುದೋ ಹೊಸ ಲೋಟದ ಮೇಲಿನ ಅಂಗಡಿ ಚೀಟಿ. ಎಲ್ಲಾ ಸೇರಿ ರೊಟ್ಟಿ ತಟ್ಟಿದ ಹಾಗೆ ಜಾಲರಿಗೆ ಮೆತ್ತಿಕೊಂಡಿವೆ.

‘ಇದನ್ನ ಯಾವಾಗ ತೊಳೆದಿದ್ರಿ ಅಮ್ಮಾ?’

‘ಅದನ್ನ ಬೇರೆ ತೊಳೀಬೇಕಾ? ತೊಳೆಯೋ ಮೆಷಿನ್ನೇ ಅಲ್ವಾ ಅದು!’ ಅಂದರು ಅಮ್ಮಾವ್ರು.

ಊರಿನಲ್ಲಿ ಬಹಳ ಮನೆಗಳ ಕತೆ ಇಷ್ಟೇ. ಮೆಷಿನ್ನು ತಾನೇ ತೊಳೆದುಕೊಳ್ಳುತ್ತದೆ ಎಂಬ ನಂಬಿಕೆ. ತಟ್ಟೆಯ ಎಂಜಲು ಕೆರೆದು ಒಳಗಿಡಬೇಕು, ವಾರಕ್ಕೊಂದು ಸಲವಾದರೂ ಜಾಲರಿಯನ್ನು ನಲ್ಲಿ ಕೆಳಗೆ ಹಿಡಿದು ಹಳೇ ಬ್ರಷ್ಷಿನಲ್ಲಿ ಉಜ್ಜಬೇಕು. ಮೆಷಿನ್ ಜೊತೆ ಬಂದ ಪುಸ್ತಕದಲ್ಲಿ ಇದೆಲ್ಲಾ ಬರೆದಿರುತ್ತದೆ. ಆದರೆ ಪುಸ್ತಕ ಯಾವ ಮನೆಯಲ್ಲಿ ಎಲ್ಲಿರುತ್ತದೆ ಎಂಬುದು ಬೇರೆ ವಿಷಯ.

ಜಾಲರಿ ತೆಗೆದ ಗುಂಡಿಯಲ್ಲಿ ಇನ್ನೂ ಒಂದಿಷ್ಟು ನೀರಿತ್ತು. ಇಲ್ಲೊಂದು ಮಾತು. ಕೆಲಸ ಮುಗಿದ ಮೇಲೂ ಈ ಗುಂಡಿಯಲ್ಲಿ ಸ್ವಲ್ಪ ನೀರು ಉಳಿಯುವುದು ಲೆಕ್ಕವೇ, ಒಳಗಿನ ರಬ್ಬರ್ ಒಣಗಿ ಬಿರಿಯದಿರಲಿ ಅಂತ. ಇದನ್ನೇ ಕಂಡು ‘ಕೆಟ್ಟೋಯ್ತು’ ಅಂತ ಕಂಪನಿಗೆ ಫೋನ್ ಮಾಡಿ ಫೀಸು ಕಟ್ಟಿದವರಿದ್ದಾರೆ. ನೀರು ಜಾಲರಿ ದಾಟಿ ತಳದ ತುಂಬ ನಿಂತರೆ ಮಾತ್ರ ಗಾಬರಿಯಾಗಬೇಕು.

ಭಾಯ್ ಟಾರ್ಚ್ ಬಿಟ್ಟು ನೋಡಿದರು. ಗುಂಡಿಯ ಒಂದು ಪಕ್ಕದಲ್ಲಿ ಪ್ಲಾಸ್ಟಿಕ್ಕಿನ ಸಣ್ಣ ಮುಚ್ಚಳ. ಸ್ಕ್ರೂಡ್ರೈವರ್ ಹಾಕಲು ಹೋದವರು ನಿಂತು, ‘ಒಂದು ಚಮಚ ಕೊಡಿ ಅಮ್ಮಾ’ ಅಂದರು. ಚಮಚದ ಹಿಡಿ ತೂರಿಸಿ ಮೀಟಿದರೆ ಮುಚ್ಚಳ ‘ಟಕ್’ ಅಂತ ಕೈಗೆ ಬಂತು. ಸ್ಕ್ರೂಡ್ರೈವರ್ ಮೊನೆಗೆ ಪ್ಲಾಸ್ಟಿಕ್ಕು ಸೀಳುತ್ತದೆ, ಚಮಚಕ್ಕೆ ಸೀಳುವುದಿಲ್ಲ. ಕೆಲವು ಕಂಪನಿಗಳ ಪುಸ್ತಕದಲ್ಲೂ ಚಮಚದಲ್ಲೇ ಮೀಟಿ ಅಂತಲೇ ಇದೆ. ಭಾಯ್ ಅದನ್ನು ಓದಿದವರಲ್ಲ, ಕೈ ಹೇಳಿದಂತೆ ಮಾಡಿದರು.

ಮುಚ್ಚಳದ ಹಿಂದೆ ಹುಣಸೆಬೀಜಕ್ಕಿಂತ ಕೊಂಚ ದೊಡ್ಡ ರೆಕ್ಕೆಗಳಿರುವ ಚಕ್ರ. ಅದೇ ನೀರು ಆಚೆ ತಳ್ಳುವ ಪಂಪಿನ ಚಕ್ರ. ಮೇಷ್ಟ್ರು ಬೆರಳು ಹಾಕಲು ಹೋದರು. ಭಾಯ್ ಕೈ ತಡೆದರು. ‘ಬೇಡಿ ಮೇಷ್ಟ್ರೇ, ಗಾಜಿರ್ತದೆ.’

ಗಾಜೇ ಇತ್ತು! ಚಿಮಟದಲ್ಲಿ ಹಿಡಿದು ಎಳೆದರೆ ಅಕ್ಕಿಕಾಳಿಗಿಂತ ಸ್ವಲ್ಪ ಉದ್ದದ ಚೂರು, ಅದಕ್ಕೆ ಸುತ್ತಿಕೊಂಡು ಒಂದು ಕರಿಬೇವಿನ ದಂಟು. ಹೋದ ವಾರ ಒಂದು ಗಾಜಿನ ಲೋಟ ಒಳಗೇ ಚೂರಾದದ್ದು ಅಮ್ಮಾವ್ರಿಗೆ ಆಗ ನೆನಪಾಯಿತು. ದೊಡ್ಡ ತುಂಡುಗಳನ್ನು ಆರಿಸಿ ಬಿಸಾಕಿದ್ದರು. ಇದು ಜಾಲರಿ ಸರಿಯಾಗಿ ಕೂರದ ಸಂದಿಯಲ್ಲಿ ನುಸುಳಿ ಹೋಗಿ ಚಕ್ರದ ರೆಕ್ಕೆಗೆ ಕಾಲು ಕೊಟ್ಟು ನಿಂತಿತ್ತು. ಆರು ಸಾವಿರದ ಚಿಲ್ಲರೆಯ ಕಾಯಿಲೆ ಅಂಗೈ ಮೇಲೆ ಮಿನುಗುತ್ತಿತ್ತು.

ಭಾಯ್ ಚಮಚದ ತುದಿಯಲ್ಲಿ ಚಕ್ರ ತಿರುಗಿಸಿ ನೋಡಿದರು. ನಯವಾಗಿ ತಿರುಗದೆ ಒಂದೊಂದು ಹೆಜ್ಜೆಗೂ ಜಗ್ಗಿ ಜಗ್ಗಿ ತಿರುಗಿತು. ‘ಇನ್ನೂ ಸಿಕ್ಕೊಂಡದಲ್ಲಾ?’ ಎಂದರು ಮೇಷ್ಟ್ರು. ಇಲ್ಲ. ಒಳಗೆ ಅಯಸ್ಕಾಂತವಿರುವುದರಿಂದ ಆ ಪಂಪು ತಿರುಗುವುದೇ ಹಾಗೆ. ಇದನ್ನು ತಿಳಿಯದೆ ಒಳ್ಳೇ ಪಂಪನ್ನು ಬಿಸಾಕಿದವರೂ ಇದ್ದಾರೆ.

ಮುಚ್ಚಳ ಮತ್ತೆ ‘ಟಕ್’ ಅನ್ನುವವರೆಗೆ ಒತ್ತಿ ಕೂರಿಸಿದರು. ಅದು ಅರೆಬರೆ ಕೂತರೆ ಪಂಪು ಸುಮ್ಮನೆ ಸುತ್ತುತ್ತದೆ, ನೀರು ಮಾತ್ರ ಹೋಗುವುದಿಲ್ಲ. ಎಷ್ಟೋ ರಿಪೇರಿಗಳು ಕೆಡುವುದು ಇಲ್ಲೇ.

ಬಕೆಟ್ಟಿನ ಪಂಚಾಯ್ತಿ

ಇಷ್ಟಕ್ಕೆ ಕತೆ ಮುಗಿಯಬೇಕಿತ್ತು. ಮೇಷ್ಟ್ರು ಆಗಲೇ ಜೇಬಿಗೆ ಕೈ ಹಾಕಿದ್ದರು.

‘ತಡೀರಿ’ ಅಂದರು ಭಾಯ್. ಸಿಂಕಿನ ಕೆಳಗೆ ತೂರಿ, ಮೆಷಿನ್ನಿಂದ ಬಂದು ಸಿಂಕಿನ ವೇಸ್ಟ್ ಪೈಪಿಗೆ ಸೇರುವ ಹೋಸನ್ನು ಬಿಚ್ಚಿ, ಬಾಯನ್ನು ಬಕೆಟ್ಟಿಗಿಟ್ಟರು. ಮೆಷಿನ್ನಿಗೆ ಎರಡು ತಂಬಿಗೆ ನೀರು ಸುರಿದು, ಪ್ಲಗ್ ಹಾಕಿ, ನೀರು ಖಾಲಿ ಮಾಡುವ ಗುಂಡಿ ಒತ್ತಿ ಹಿಡಿದರು. ಗುರ್ ಅಂತ ಶಬ್ದ. ಹೋಸು ಹಾವಿನಂತೆ ಒದರಿ ಬಕೆಟ್ಟಿಗೆ ನೀರು ಸುರಿಯಿತು. ಅಮ್ಮಾವ್ರು ಎಡಗೈಯಲ್ಲೇ ಹಣೆ ಮುಟ್ಟಿಕೊಂಡರು.

ಮತ್ತೆ ಹೋಸನ್ನು ಸಿಂಕಿಗೆ ಜೋಡಿಸಿ ಅದೇ ಆಟ ಆಡಿದರೆ? ಮೆಷಿನ್ನಿಂದ ಹೊರಟ ನೀರು ಗುಳುಗುಳು ಅಂತ ಸಿಂಕಿನ ತೂತಿನಿಂದ ಮೇಲಕ್ಕೇ ಬಂತು! ಮೆಷಿನ್ನಿನ ತಳದಲ್ಲೂ ಅರ್ಧ ಉಳಿಯಿತು.

ಹೀಗೆ ಕಾಯಿಲೆ ಎರಡು. ಒಂದು ಮೆಷಿನ್ನಿನದು, ಇನ್ನೊಂದು ಮನೆಯದು. ಆರು ಸಾವಿರ ಕೊಟ್ಟು ಹೊಸ ಪಂಪು ಹಾಕಿಸಿದ್ದರೂ ನೀರು ನಿಲ್ಲುತ್ತಲೇ ಇತ್ತು. ಆಮೇಲೆ ‘ಬೋರ್ಡ್ ಹೋಗಿದೆ’ ಅನ್ನುತ್ತಿದ್ದರೋ ಏನೋ, ದೇವರಿಗೇ ಗೊತ್ತು. ಹೋಸಿನ ಬಾಯನ್ನು ಬಕೆಟ್ಟಿಗೆ ಇಟ್ಟು ನೋಡುವುದಕ್ಕೆ ಕಾಸೂ ಬೇಡ, ಡಿಗ್ರಿಯೂ ಬೇಡ. ಬಕೆಟ್ಟಿಗೆ ಚೆನ್ನಾಗಿ ಸುರಿದರೆ ಮೆಷಿನ್ನು ಸರಿ, ಮನೆಯ ಪೈಪು ಕಟ್ಟಿದೆ. ಬಕೆಟ್ಟಿಗೂ ಬರದಿದ್ದರೆ ಜಾಲರಿ, ಪಂಪು, ಹೋಸು ಈ ಮೂರರಲ್ಲಿ ಒಂದು. ಹೋಸಿನದು ಸಾಮಾನ್ಯವಾಗಿ ಸಣ್ಣ ತಪ್ಪು. ಕಸ ಗುಡಿಸುವಾಗ ಮೆಷಿನ್ನನ್ನು ಗೋಡೆಗೆ ಒತ್ತಿ ತಳ್ಳಿರುತ್ತಾರೆ, ಹಿಂದೆ ಹೋಸು ಮಡಚಿಕೊಂಡಿರುತ್ತದೆ. ಮುಂದಕ್ಕೆಳೆದು ನೇರ ಮಾಡಿದರೆ ಮುಗಿಯಿತು.

ಸಿಂಕಿನ ಕೆಳಗಿನ ಹೋಸು ಒಂದು ಕಡೆ ಎತ್ತರಕ್ಕೆ ಏರಿ, ಬಾಗಿ, ಆಮೇಲೆ ಪೈಪಿಗೆ ಇಳಿಯಬೇಕು. ನೆಲದ ಮೇಲೇ ಮಲಗಿಸಿ ಸೇರಿಸಿದರೆ ಸಿಂಕಿನ ಕೊಳಕು ನೀರು ಹಿಂದಕ್ಕೆ ನುಗ್ಗಿ ತೊಳೆದ ಪಾತ್ರೆಗೇ ಬರುತ್ತದೆ. ಹಾಗಂತ ಬಹಳ ಎತ್ತರಕ್ಕೂ ಕಟ್ಟುವಂತಿಲ್ಲ, ಆ ಪುಟ್ಟ ಪಂಪಿನ ಶಕ್ತಿ ಹೆಚ್ಚೆಂದರೆ ಒಂದು ಮೀಟರ್ ಎತ್ತರದ ಆಸುಪಾಸು. ಮೆಷಿನ್ ಆ ಕಡೆ, ಮೋರಿ ಈ ಕಡೆ ಅಂತ ಹೋಸಿಗೆ ಹೋಸು ಜೋಡಿಸಿ ಮಾರುದ್ದ ಎಳೆಯುವ ಪ್ಲಂಬರುಗಳು ಇದನ್ನು ಸ್ವಲ್ಪ ಗಮನಿಸಿದರೆ ಒಳ್ಳೆಯದು.

ಬಿಟ್ಟು ಹೋದವಳಿಗೆ ಗೊತ್ತಿದ್ದ ವಿದ್ಯೆ

ಅಷ್ಟರಲ್ಲಿ ಬಾಗಿಲಲ್ಲಿ ಚಪ್ಪಲಿ ಸದ್ದು. ಜಯಪುರದ ಕಡೆಯಿಂದ ಬಸ್ಸಿನಲ್ಲಿ ಬರುವ ಹೆಂಗಸು. ಹತ್ತು ವರ್ಷ ಈ ಮನೆಯಲ್ಲಿ ಪಾತ್ರೆ ತೊಳೆದಾಕೆ. ಮೆಷಿನ್ನು ಬಂದ ಮೇಲೂ ಕುಕ್ಕರು, ಬಾಣಲೆ, ಹಿತ್ತಾಳೆ ಸಾಮಾನು ಉಜ್ಜಿ, ಕಸ ಗುಡಿಸಿ ಹೋಗುತ್ತಿದ್ದಳು. ಹೋದ ದೀಪಾವಳಿ ಸಮಯದಲ್ಲಿ ತಿಂಗಳಿಗೆ ಐನೂರು ಜಾಸ್ತಿ ಮಾಡಿ ಅಂದಳು. ‘ಮೆಷಿನ್ ಇದೆಯಲ್ಲಾ’ ಎಂಬ ಮಾತು ಬಂತು. ಬಿಟ್ಟಳು. ಈಗ ನಾಮಕರಣದ ಕೆಲಸಕ್ಕೆ ಎರಡು ದಿನ ಬಾ ಅಂತ ಅಮ್ಮಾವ್ರು ಹೇಳಿ ಕಳಿಸಿದ್ದರು. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಬಸ್ ಚಾರ್ಜಿನ ಚಿಂತೆ ತಪ್ಪಿದೆ, ಇಲ್ಲದಿದ್ದರೆ ಎರಡು ದಿನದ ಕೆಲಸಕ್ಕೆ ಯಾರು ಬರುತ್ತಾರೆ?

ಸಿಂಕಿನ ಕೆಳಗೆ ಭಾಯ್, ಪಕ್ಕದಲ್ಲಿ ಟಾರ್ಚ್ ಹಿಡಿದ ಮೇಷ್ಟ್ರು. ಆಕೆ ಒಂದು ನೋಟ ನೋಡಿ, ‘ಅಯ್ಯೋ, ಅದ್ಕೆ ಬಿಸ್ನೀರು ಹಾಕಿಲ್ವಾ ಅಮ್ಮಾ?’ ಅಂದಳು.

ಯಾವ ಬಿಸಿನೀರು?

ವಿಷಯ ಏನೆಂದರೆ, ಆ ಸಿಂಕು ಮೊದಲಿನಿಂದಲೂ ನಿಧಾನ. ಆಕೆ ವಾರಕ್ಕೊಮ್ಮೆ ಒಂದು ಪಾತ್ರೆ ಬಿಸಿನೀರು ಸುರಿದು, ಕೆಳಗಿನ ಬಟ್ಟಲಿನಂಥ ಟ್ರ್ಯಾಪನ್ನು ಕೈಯಲ್ಲೇ ತಿರುವಿ ಬಿಚ್ಚಿ, ಜಿಡ್ಡು ತೆಗೆದು ಮತ್ತೆ ಹಾಕುತ್ತಿದ್ದಳು. ಯಾರೂ ಹೇಳಿರಲಿಲ್ಲ, ಆಕೆಯೂ ಯಾರಿಗೂ ಹೇಳಿರಲಿಲ್ಲ. ಹೇಳುವುದಕ್ಕೆ ಏನಿದೆ? ಕೆಲಸದ ಜೊತೆ ಕೆಲಸ. ದೀಪಾವಳಿ ಆದ ಮೇಲೆ ಆ ಟ್ರ್ಯಾಪನ್ನು ಮುಟ್ಟಿದವರಿಲ್ಲ.

ಭಾಯ್ ಬಿಚ್ಚಿದರು. ಒಳಗೆ ತುಪ್ಪ, ಎಣ್ಣೆ, ಅನ್ನದ ಗಂಜಿ ಎಲ್ಲಾ ಸೇರಿ ಬಿಳೀ ಸೋಪಿನಂತೆ ಗಟ್ಟಿಯಾಗಿ ಕೂತಿತ್ತು. ಮೆಷಿನ್ನಿಂದ ಬಿಸಿಯಾಗಿ ಕರಗಿ ಬಂದ ಜಿಡ್ಡು ತಣ್ಣನೆಯ ಪೈಪಿನಲ್ಲಿ ಹೆಪ್ಪುಗಟ್ಟುವುದು ಹೀಗೇ. ‘ಇದು ನನ್ ಕೆಲ್ಸ ಅಲ್ಲ, ಅಕ್ಕಂದು’ ಅಂತ ಭಾಯ್ ಎದ್ದು ಜಾಗ ಬಿಟ್ಟರು. ಆಕೆ ಕೂತಳು. ಹತ್ತು ನಿಮಿಷ. ಒಂದು ಹಳೇ ಸ್ಕೂಟರಿನ ಕೇಬಲ್ ತಂತಿ, ಒಂದು ಪಾತ್ರೆ ಬಿಸಿನೀರು. ಸಿಂಕಿನ ನೀರು ಸುಳಿ ಸುತ್ತಿ ಇಳಿಯಿತು. ಮೆಷಿನ್ನು ಚಾಲು ಮಾಡಿದರೆ ಅದರದ್ದೂ ಇಳಿಯಿತು. ಮುಂದಿನ ಗಾಜಿನ ಅಕ್ಷರವೂ ಮಾಯ.

ಆ ಅಕ್ಷರದ ಸಂಗತಿಯೂ ತಿಳಿದಿರಲಿ. ಕೆಲವು ಜರ್ಮನ್ ಕಂಪನಿಯ ಮೆಷಿನ್ನುಗಳಲ್ಲಿ ‘ಇ 24’ ಅಂದರೆ ಹೊರಹೋಗುವ ದಾರಿ ಕಟ್ಟಿದೆ, ‘ಇ 25’ ಅಂದರೆ ಪಂಪು ಸಿಕ್ಕಿಕೊಂಡಿದೆ ಇಲ್ಲವೇ ಅದರ ಮುಚ್ಚಳ ಸರಿಯಾಗಿ ಕೂತಿಲ್ಲ ಅಂತ. ಕೊರಿಯಾದ ಒಂದು ಕಂಪನಿಯದರಲ್ಲಿ ‘ಓ ಇ’. ಒಂದೊಂದು ಕಂಪನಿಗೆ ಒಂದೊಂದು ಭಾಷೆ. ಯಾವುದೇ ಆದರೂ ‘ಪಂಪು ಬದಲಾಯಿಸಿ’ ಅಂತ ನೇರವಾಗಿ ಹೇಳುವುದಿಲ್ಲ. ಹಾಗೆ ಓದುವುದು ರಿಪೇರಿಗೆ ಬಂದವರು.

ಹೆಂಗಸೊಬ್ಬಳ ಸಿಟ್ಟಿನಿಂದ ಹುಟ್ಟಿದ್ದು

ಈ ಮೆಷಿನ್ನಿನ ಮೂಲ ಕತೆ ಕೇಳಿದರೆ ನಗು ಬರುತ್ತದೆ. ಅಮೆರಿಕದ ಇಲಿನಾಯ್ ರಾಜ್ಯದ ಶೆಲ್ಬಿವಿಲ್ ಎಂಬ ಊರಿನ ಜೋಸೆಫೀನ್ ಕೊಕ್ರೇನ್ ಎಂಬಾಕೆ, ಮನೆಯ ಆಳುಗಳು ತೊಳೆಯುವಾಗ ತನ್ನ ಒಳ್ಳೊಳ್ಳೇ ಪಿಂಗಾಣಿ ತಟ್ಟೆಗಳು ಮುಕ್ಕಾಗುತ್ತವೆ ಅಂತ ಬೇಸತ್ತು ತಾನೇ ಒಂದು ಯಂತ್ರ ಕಟ್ಟಿಸಿದಳು. 1886ರ ಡಿಸೆಂಬರ್‌ನಲ್ಲಿ ಪೇಟೆಂಟ್ ಸಿಕ್ಕಿತು. 1893ರ ಶಿಕಾಗೋ ವಸ್ತುಪ್ರದರ್ಶನದಲ್ಲಿ ಅದು ದೊಡ್ಡ ಹೆಸರು ಮಾಡಿತು. ವಿವೇಕಾನಂದರು ಭಾಷಣ ಮಾಡಿದರಲ್ಲ, ಆ ಸರ್ವಧರ್ಮ ಸಮ್ಮೇಳನ ನಡೆದದ್ದೂ ಅದೇ ಪ್ರದರ್ಶನದ ಅಂಗವಾಗಿ! ಮೊದಮೊದಲು ಕೊಂಡವರು ಮನೆಯವರಲ್ಲ, ಹೋಟೆಲಿನವರು.

ಇಲ್ಲಿ ಮಧ್ಯಮ ವರ್ಗದ ಮನೆಗಳಿಗೆ ಇದು ಜೋರಾಗಿ ನುಗ್ಗಿದ್ದು 2020ರಲ್ಲಿ. ಮಾರ್ಚ್ 25ರಿಂದ ಲಾಕ್‌ಡೌನ್ ಆಗಿ ಕೆಲಸದವರು ಬರುವಂತಿಲ್ಲ ಅಂದಾಗ, ಅಲ್ಲಿಯವರೆಗೆ ‘ನಮ್ಮ ಬಾಣಲೆ ಜಿಡ್ಡು ಅದರಲ್ಲಿ ಹೋಗತ್ಯೇ?’ ಅನ್ನುತ್ತಿದ್ದವರೇ ಅಂಗಡಿಗೆ ಫೋನ್ ಮಾಡಿ ಹೆಸರು ಬರೆಸಿದರು. ಹೋಗುತ್ತದೆ, ನಿಜ. ಒಂದು ಬಾರಿಗೆ ಸುಮಾರು 10 ಲೀಟರ್ ನೀರಿನಲ್ಲಿ ಮನೆಮಂದಿಯ ಪಾತ್ರೆಯೆಲ್ಲ ತೊಳೆದುಕೊಡುತ್ತದೆ. ನಲ್ಲಿ ಬಿಟ್ಟುಕೊಂಡು ತೊಳೆದರೆ ಅಷ್ಟರಲ್ಲಿ ಒಂದು ಕುಕ್ಕರು ಸೆಟ್ಟೂ ಮುಗಿಯುವುದಿಲ್ಲ. ಆದರೆ ಮಾರುವಾಗ ಅಂಗಡಿಯವರು ತೋರಿಸುವುದು ಥಳಥಳ ಹೊಳೆಯುವ ಲೋಟ ಮಾತ್ರ. ಜಾಲರಿ ಬಿಚ್ಚಿ ತೋರಿಸಿ, ‘ವಾರಕ್ಕೊಮ್ಮೆ ಇದು’ ಅನ್ನುವ ಅಂಗಡಿಯವರು ಅಪರೂಪ. ಎರಡು ನಿಮಿಷದ ಮಾತು, ಗಿರಾಕಿ ಜನ್ಮಪೂರ್ತಿ ನೆನೆಯುತ್ತಾನೆ.

ಇನ್ನೊಂದು ಅವಾಂತರ. ಮೆಷಿನ್ನಿನ ಪುಡಿ ಮುಗಿದಾಗ ಸಿಂಕಿನ ಮೇಲಿರುವ ಮಾಮೂಲಿ ಪಾತ್ರೆ ಸೋಪಿನ ದ್ರಾವಣ ಸುರಿಯುವುದು. ಅದು ನೊರೆ ನೊರೆಯಾಗಿ ಉಕ್ಕುತ್ತದೆ, ನೊರೆಯನ್ನು ಪಂಪು ತಳ್ಳಲಾರದು. ನೀರು ನಿಲ್ಲುತ್ತದೆ, ಇಲ್ಲವೇ ಬಾಗಿಲಿನಿಂದ ನೊರೆ ಮೆರವಣಿಗೆ ಹೊರಡುತ್ತದೆ. ಮೋರಿಗೆ ಹಾಕುವ ಕಾಸ್ಟಿಕ್ ಪುಡಿಯನ್ನೋ ಆಸಿಡ್ಡನ್ನೋ ಮೆಷಿನ್ನಿಗೆ ಸುರಿಯುವ ಧೀರರೂ ಇದ್ದಾರೆ. ಒಳಗಿನ ರಬ್ಬರು, ಲೋಹ ಕೆಡುತ್ತವೆ, ಸುರಿದವರ ಕೈಯೂ ಸುಡುತ್ತದೆ.

ಪಂಪು ನಿಜವಾಗಿ ಸುಟ್ಟು ಹೋಗುವುದೂ ಉಂಟು. ಸದ್ದೇ ಇಲ್ಲದೆ ಸತ್ತು ಬಿದ್ದಿದ್ದರೆ, ಅಥವಾ ಎಲ್ಲಾ ಶುದ್ಧ ಮಾಡಿದ ಮೇಲೂ ಬರೀ ಗುಂಯ್ ಅಂದರೆ, ಬದಲಾಯಿಸದೆ ಗತಿಯಿಲ್ಲ. ಮೆಷಿನ್ನಿನ ಅಡಿಗೆ ನೀರು ಸೋರಿ, ತಳದ ತಟ್ಟೆಯಲ್ಲಿ ತುಂಬಿಕೊಂಡರೂ ಅದು ಮೊಂಡು ಹಿಡಿದು ಪಂಪನ್ನು ಓಡಿಸುತ್ತಲೇ ಇರುತ್ತದೆ. ಅದು ಮನೆಯಲ್ಲಿ ಕೈಹಾಕುವ ಕೆಲಸವಲ್ಲ. ಆದರೆ ಬದಲಾಯಿಸಿದವರು ಹಳೇ ಪಂಪನ್ನು ಕೈಗೆ ಕೊಟ್ಟು ಹೋಗಲಿ ಅಂತ ಕೇಳಿ ಇಸಿದುಕೊಳ್ಳಬೇಕು. ಸುಳ್ಳು ಹೇಳಿ ದುಡ್ಡು ಕಿತ್ತರು ಅನ್ನಿಸಿದರೆ 1915 ನಂಬರಿನ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ ಇದೆ, ಜಿಲ್ಲಾ ಗ್ರಾಹಕರ ಆಯೋಗವೂ ಇದೆ. ಕೊಂಡವರಿಗೆ ರಿಪೇರಿ ಮಾಡಿಸಿಕೊಳ್ಳುವ ಹಕ್ಕು ಇದೆ ಅಂತ ಕೇಂದ್ರ ಸರ್ಕಾರ 2022ರ ಡಿಸೆಂಬರ್‌ನಲ್ಲಿ ಪೋರ್ಟಲ್ಲನ್ನೇ ತೆರೆದಿದೆ. ರಸೀದಿ ಇಲ್ಲದೆ ಕಾಸು ಕೊಟ್ಟವರಿಗೆ ಮಾತ್ರ ಇವೆಲ್ಲ ಅಷ್ಟಾಗಿ ಉಪಯೋಗಕ್ಕೆ ಬಾರದು.

ಲೆಕ್ಕಾಚಾರ

ಭಾಯ್ ಇಸಿದುಕೊಂಡದ್ದು ನಾನೂರು ರೂಪಾಯಿ, ಜೊತೆಗೆ ಒಂದು ಲೋಟ ಕಾಫಿ. ‘ಸಾಮಾನು ಏನೂ ಹಾಕಿಲ್ವಲ್ಲ ಮೇಷ್ಟ್ರೇ’ ಅಂದರು. ಗಾಜಿನ ಚೂರನ್ನು ಮೇಷ್ಟ್ರು ಕಾಗದದಲ್ಲಿ ಮಡಿಸಿ ಇಟ್ಟುಕೊಂಡಿದ್ದಾರೆ, ಕಂಪನಿಯ ಹುಡುಗ ಪಂಪು ತಂದರೆ ತೋರಿಸಲಿಕ್ಕೆ.

ಆ ಹೆಂಗಸಿನದು ಇನ್ನೊಂದು ಲೆಕ್ಕ. ಕೈ ತೊಳೆದು, ಸೆರಗಿನಲ್ಲಿ ಒರೆಸಿಕೊಂಡು ನಿಂತಳು. ಅಮ್ಮಾವ್ರೇ ಮಾತೆತ್ತಿದರು. ‘ವಾರಕ್ಕೆ ಮೂರು ದಿನ ಬಂದು ಹೋಗ್ತೀಯಾ?’

‘ಬತ್ತೀನಿ ಅಮ್ಮಾ. ದೀಪಾವಳೀಲಿ ಕೇಳಿದ್ದು ಐನೂರು. ಈಗ ಆ ಕಡೆ ಎರಡು ಮನೆ ಹಿಡ್ದಿವ್ನಿ. ಅವ್ರನ್ನ ಬಿಡಕ್ಕಾಗಲ್ಲ. ಬೆಳಗ್ಗೆ ಹತ್ತರ ಮೇಲೆ ಬತ್ತೀನಿ, ಏಳ್ನೂರು ಮಾಡಿ.’

ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅಮ್ಮಾವ್ರು ಒಂದು ಸಲ ನೋಡಿದರು. ಮುಚ್ಚಿದರು. ಆರುನೂರಕ್ಕೆ ನಿಂತಿತು, ಹಬ್ಬಕ್ಕೆ ಸೀರೆ ಬೇರೆ.

ಭಾನುವಾರ ನಾಮಕರಣ ಸಾಂಗವಾಗಿ ನಡೆಯಿತು. ಮೆಷಿನ್ನು ಮೂರು ಸಲ ಓಡಿತು, ಮೂರು ಸಲವೂ ನೀರು ಇಳಿಯಿತು. ಆದರೂ ಸಿಂಕಿನ ಕೆಳಗಿನ ಬಕೆಟ್ಟನ್ನು ಮೇಷ್ಟ್ರು ಇನ್ನೂ ತೆಗೆಸಿಲ್ಲ.